ಕೆಮ್ಮದ ಅತ್ತೆ

ಒಗ್ಗರಣೆಯಲ್ಲಿ ಒಣಮೆಣಸು ಕರಟಿದರೆ ನಾನು ಈಗಲೂ ಗ್ಯಾಸ್ ಆರಿಸಿ ಹೊರಗೆ ಬಂದುಬಿಡುತ್ತೇನೆ.

ಬಿ.ಸಿ.ರೋಡಿನ ಡಾಕ್ಟರು ಕೊಟ್ಟ ಮಾತ್ರೆಯಿಂದ ಅಪ್ಪನ ತಂಗಿ, ನನ್ನ ಅತ್ತೆ, ಒಬ್ಬಳೇ ಮಾತಾಡುವುದು ಕಡಿಮೆಯಾಗಿತ್ತು. ಆದರೆ ಮನೆಗೆ ಬಂದ ಮಂತ್ರವಾದಿ, "ಮಾತ್ರೆ ಕೊಟ್ಟರೆ ನಾನು ಮಂತ್ರಿಸಿ ಕಟ್ಟಿದ ನೂಲು ಹಿಡಿಯುವುದಿಲ್ಲ" ಎಂದ. ಅಜ್ಜಿ ಮಾತ್ರೆಗಳನ್ನೆಲ್ಲ ಗೊಬ್ಬರದ ಗುಂಡಿಗೆ ಎಸೆದರು. ಸ್ವಲ್ಪ ದಿನದಲ್ಲೇ ಅತ್ತೆ ಮತ್ತೆ ಗೋಡೆಯ ಜೊತೆ ಜಗಳಕ್ಕೆ ನಿಂತಳು.

ಆ ಮಧ್ಯಾಹ್ನ ಅವಳನ್ನು ಚಾವಡಿಯಲ್ಲಿ ಕೂರಿಸಿ, ತೆಂಗಿನ ಗೆರಟೆಯ ಕೆಂಡಕ್ಕೆ ಒಣಮೆಣಸು ಸುರಿದರು.

"ಸುಮ್ಮನೆ ಕೂತುಕೋ ಮಗಾ. ಗಲಾಟೆ ಮಾಡದಿದ್ದರೆ ಬೇಗ ಬಿಡ್ತಾರೆ" ಎಂದು ಅಜ್ಜಿ ತಲೆ ಸವರಿದರು.

ನಾವೆಲ್ಲ ಕೆಮ್ಮುತ್ತಾ ಅಂಗಳಕ್ಕೆ ಓಡಿದೆವು. ಅತ್ತೆ ತುಟಿ ಬಿಗಿಹಿಡಿದು ಕೂತೇ ಇದ್ದಳು. ಕಣ್ಣು ಮೂಗಿನಿಂದ ನೀರು ಸುರಿಯುತ್ತಿತ್ತು, ಎದೆ ಎಗರಿ ಎಗರಿ ಬೀಳುತ್ತಿತ್ತು, ಕೆಮ್ಮನ್ನು ಮಾತ್ರ ಹೊರಗೆ ಬಿಡಲಿಲ್ಲ.

"ನೋಡಿದಿರಾ? ಮನುಷ್ಯರಾದರೆ ಕೆಮ್ಮುತ್ತಿದ್ದರು" ಎಂದ, ಹೆಗಲ ಮೇಲಿನ ಬೈರಾಸಿನಿಂದ ಮೂಗು ಮುಚ್ಚಿಕೊಂಡಿದ್ದ ಮಂತ್ರವಾದಿ. "ಇದು ಅವಳಲ್ಲ, ಒಳಗೆ ಕೂತದ್ದು. ಇನ್ನೂ ಮೆಣಸು ಉಂಟಾ?"

ಅತ್ತೆ ಅಜ್ಜಿಯ ಕಡೆ ತಿರುಗಿದಳು.

"ಅಮ್ಮಾ, ನಾನು ಗಲಾಟೆ ಮಾಡಲಿಲ್ಲ ಅಲ್ವಾ?"

ಅಜ್ಜಿ ಮೆಣಸಿನ ಡಬ್ಬಿ ತರಲು ಒಳಗೆ ಹೋದರು.