ಡೀಸೆಲ್ ಬಟ್ಟೆ

ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯನ್ನು ಮಗಳು ಕಿತ್ತುಕೊಂಡಾಗ ಅಪ್ಪನ ಕೈ ಲಾರಿಯ ಟೈರಿನ ಮೇಲೇ ನಿಂತುಬಿಟ್ಟಿತು. "ಅಪ್ಪಾ, ಇದನ್ನ ಹಚ್ಚಿದ್ರೆ ರಬ್ಬರ್ ಸತ್ತೇಹೋಗುತ್ತಂತೆ. ವರ್ಷ ತುಂಬೋ ಮೊದ್ಲೇ ಟೈರಿನ ಪಕ್ಕ ಬಿರುಕು ಬಿಟ್ಟಿರೋದು ಇದಕ್ಕೇ ಅಂದ ಪಂಕ್ಚರ್ ಅಂಗಡಿಯವನು."

ಅಪ್ಪನ ಮುಖ ಸಪ್ಪಗಾಯಿತು. ಮೂವತ್ತು ವರ್ಷ ಓಡಿಸಿದ ಸ್ಟೀರಿಂಗನ್ನು ಮಗಳ ಕೈಗೆ ಕೊಟ್ಟ ಮೇಲೂ, ಒಂದು ಬೆಳಗ್ಗೆಯೂ ತಪ್ಪಿಸದೆ ಹತ್ತೂ ಚಕ್ರಗಳನ್ನು ಡೀಸೆಲ್ ಸವರಿ ಮುಖ ನೋಡಿಕೊಳ್ಳುವಷ್ಟು ಹೊಳೆಸಿ ಕಳಿಸುತ್ತಿದ್ದವನು. "ನಿನ್ನ ಗಾಡಿ ನಾಲ್ಕು ಜನರ ಮುಂದೆ ಚೆನ್ನಾಗಿ ಕಾಣ್ಲಿ ಅಂತ ಕಣೇ..."

ಬೈಯಲೆಂದೇ ಬಂದಿದ್ದವಳು ಬಟ್ಟೆಯನ್ನು ಪಕ್ಕಕ್ಕೆಸೆದಳು. ಬಕೆಟಿನಲ್ಲಿ ಸೋಪಿನ ನೀರು ತಂದು ಅವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು. "ಇನ್ಮೇಲೆ ಈ ನೀರೇ ಸಾಕಪ್ಪ. ಬೇಗ ಮುಗಿಸೋಣ, ಲೋಡು ಹಾಕ್ಕೊಂಡು ಘಾಟಿ ಇಳೀಬೇಕು."

ಜಿಡ್ಡು ಹೋಗಿ ಮಾಸಲು ರಬ್ಬರ್ ಕಾಣಿಸಿತು. ಹಿಂದಿನ ಜೋಡಿ ಚಕ್ರದ ಒಳಟೈರಿನವರೆಗೂ ತೋಳು ತೂರಿಸಿ ತಿಕ್ಕುತ್ತಿದ್ದ ಅಪ್ಪ ಥಟ್ಟನೆ ಕೈ ನಿಲ್ಲಿಸಿದ. ಬಿರುಕಿನೊಳಗೆ ಅವನ ಉಗುರು ಪೂರ್ತಿ ಹೋಗಿತ್ತು. ಉಗುರಿನ ತುದಿಗೆ ರಬ್ಬರಿನೊಳಗಿನ ದಾರ ತಗುಲುತ್ತಿತ್ತು. "ಇದನ್ನ ಆ ಪಂಕ್ಚರ್ ಅಂಗಡಿಯವನೂ ನೋಡಿಲ್ಲ. ಲೋಡಲ್ಲಿ ಘಾಟಿ ಇಳಿದ್ರೆ ಸಿಡಿದೇಹೋಗುತ್ತೆ. ಕೀ ಕೊಡಮ್ಮ. ಇವತ್ತು ಗಾಡಿ ತೆಗೀಬೇಡ."

ಅವಳು ಆ ಒದ್ದೆ ಅಂಗೈಯಲ್ಲಿ ಕೀ ಇಟ್ಟಳು. ಇಟ್ಟ ಕೈಯನ್ನು ಹಿಂದಕ್ಕೆ ತೆಗೆಯಲೇ ಇಲ್ಲ.