ಹಾಯಿಹಡಗಿನ ಹಗ್ಗಗಳು

ಜಪಾನಿನ ಒಂದು ಬಂದರು. ಅಲ್ಲಿನ ಅಚ್ಚುಮನೆಯಲ್ಲಿ ಚಿತ್ರ ಬರೆಯುವ ಮುದುಕನಿಗೂ ಅದನ್ನು ಮರದ ಹಲಗೆಯ ಮೇಲೆ ಕೆತ್ತುವ ಗೆನ್‌ಸುಕೆಗೂ ಹನ್ನೆರಡು ವರ್ಷದಿಂದ ಎಣ್ಣೆ-ಸೀಗೆಕಾಯಿ. ಅಂದು ಮುದುಕ ಮೊದಲ ಅಚ್ಚಿನ ಹಾಳೆಯನ್ನು ಅವನ ಮುಖಕ್ಕೇ ಎಸೆದ.

“ಹಡಗಿನ ಹಗ್ಗ ಎಲ್ಲೋ? ನಾನು ಬರೆದದ್ದನ್ನೇ ನುಂಗಿಬಿಟ್ಟೆಯಾ, ಸೋಮಾರಿ?”

ಗೆನ್‌ಸುಕೆ ಹಾಳೆ ಎತ್ತಿಕೊಂಡ. ಹಾಯಿಯಿಂದ ಇಳಿದ ಹಗ್ಗಗಳು ಕೂದಲೆಳೆಯಷ್ಟು ಸಣ್ಣಗೆ, ಒಂದೂ ತಪ್ಪದೆ ಅಲ್ಲೇ ಇದ್ದವು.

“ಕಣ್ಣು ಬಿಟ್ಟು ನೋಡಿ,” ಎಂದು ಹಲ್ಲು ಕಡಿದ.

ಮುದುಕ ಹಾಳೆಯನ್ನು ಕಸಿದು, ಕಿಟಕಿಯ ಬಿಸಿಲಿನಲ್ಲಿ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ. “ಏನು ನೋಡೋದು? ಬರೀ ಆಕಾಶ!”

ಗೆನ್‌ಸುಕೆಗೆ ಅರ್ಥವಾಯಿತು. ಕಣ್ಣಿನ ವಿಷಯ ಒಂದೇ ಮಾತು ಆಡಿದರೆ ಸಾಕು, ನಾಳೆಯಿಂದ ಈ ಮುದುಕನಿಗೆ ಯಾವ ಅಚ್ಚುಮನೆಯಲ್ಲೂ ಕೆಲಸವಿಲ್ಲ. ಇಷ್ಟು ವರ್ಷ ತಾನು ಕಾದಿದ್ದೂ ಅದಕ್ಕೇ.

ಗದ್ದಲ ಕೇಳಿ ಯಜಮಾನ ಬಂದ.

“ಇವನನ್ನ ಈಗಲೇ ಓಡಿಸಿ. ಇಲ್ಲ, ನಾನೇ ಹೋಗ್ತೀನಿ!” ಮುದುಕ ಅರಚಿದ.

“ಎಲ್ಲಿ, ನಾನೂ ನೋಡ್ತೀನಿ, ಕೊಡಿ,” ಎಂದು ಯಜಮಾನ ಕೈ ಚಾಚಿದ.

ಗೆನ್‌ಸುಕೆ ನಡುವೆ ನುಗ್ಗಿ ಹಾಳೆಯನ್ನು ಕಿತ್ತುಕೊಂಡವನೇ ಉರಿಯುವ ಒಲೆಗೆ ಹಾಕಿದ.

“ನೋಡೋದೇನಿಲ್ಲ ಯಜಮಾನ್ರೇ. ಹಗ್ಗ ಕೆತ್ತೋದನ್ನೇ ಮರೆತುಬಿಟ್ಟಿದ್ದೆ.”