ಅವ್ವನ ನೆತ್ತಿಯ ಮೇಲಿನ ಕೈ

ಅವ್ವನ ಫೋಟೋದ ಮುಂದೆ ಹಚ್ಚಿದ ಮೇಣದಬತ್ತಿ ಆರಿದಾಗ ಏಳುವ ವಾಸನೆಗೆ ಮಧುಗಿರಿಯ ಚರ್ಚಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವನ ಗೆಳತಿ ಮೇರಿಯಕ್ಕನ ಮಗಳ ಮದುವೆ. ಪೂಜೆಯ ಕೊನೆಗೆ ಯಾರೋ 'ಪರಮಪ್ರಸಾದ' ಎಂದದ್ದು ಕೇಳಿ ಅವ್ವ ತಲೆಗೆ ಸೆರಗು ಹೊದ್ದು, ನನ್ನನ್ನೂ ಎಳೆದುಕೊಂಡು ಸಾಲಿಗೆ ಸೇರಿದಳು. ತೀರ್ಥಕ್ಕೆ ಒಡ್ಡುವಂತೆ ಕೈ ಒಡ್ಡಿದಳು. ಫಾದರ್ ಅವಳ ಹಣೆಯ ಕುಂಕುಮ ನೋಡಿದರು. ಪ್ರಸಾದ ಕೊಡದೆ, ತಲೆಯತ್ತ ಕೈ ಚಾಚಿ ಆಶೀರ್ವಾದ ಮಾಡಿ ಕಳಿಸಿದರು.

ಹೊರಗೆ ಬಂದವಳೇ ಮೇರಿಯಕ್ಕನನ್ನು ಹಿಡಿದು ಕೇಳಿದಳು: "ನಾವ್ಯಾರು ಅಂತ ಅವ್ರಿಗೆ ಯಾರೇ ಹೇಳ್ದೋರು?"

"ಅಯ್ಯೋ, ಅಂಗಲ್ಲ ಕಣಮ್ಮ. ಅದು ದೀಕ್ಷೆ ತಗಂಡು ಕ್ರಿಸ್ತಾನ್ರಾದೋರಿಗೆ ಮಾತ್ರ. ತಹಸೀಲ್ದಾರ್ರು ಬಂದ್ರೂ ಕೊಡಕಿಲ್ಲ."

"ನಮ್ಮೂರ ಗುಡಿಯಾಗೂ 'ಅಂಗಲ್ಲ ಕಣಮ್ಮ' ಅಂತಾನೇ ಶುರು ಮಾಡ್ತಾರೆ, ಬುಡು."

ಊರ ಗುಡಿಯಲ್ಲಿ ನಮ್ಮ ಕೇರಿಯವರನ್ನು ಬಾಗಿಲಾಚೆ ನಿಲ್ಲಿಸಿ, ಕೈಗೆ ಕೈ ತಾಗದಂತೆ ತೀರ್ಥವನ್ನು ಮೇಲಿನಿಂದ ಬಿಡುತ್ತಿದ್ದರು.

ಬಸ್ಸಿನಲ್ಲಿ ಅವ್ವ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಲೇ, ಫಾದ್ರು ನನ್ ತಲೆ ಮುಟ್ಟಿದ್ರಾ, ಇಲ್ಲ ಮೇಲ್ಮೇಲೇ ಕೈ ಹಿಡ್ದಿದ್ರಾ? ಸೆರಗಿತ್ತು, ಗೊತ್ತಾಗ್ನಿಲ್ಲ."

"ಮುಟ್ಟಿದ್ರು ಕಣವ್ವ, ನಾನೇ ನೋಡ್ದೆ."

ಅವ್ವ ತನ್ನ ಅಂಗೈಯನ್ನು ತಲೆಯ ಸೆರಗಿನ ಮೇಲೆ ಒಮ್ಮೆ ಇಟ್ಟು ನೋಡಿದಳು, ಒಮ್ಮೆ ತುಸು ಮೇಲೆ ಹಿಡಿದು ನೋಡಿದಳು. ನಾವು ಇಳಿಯುವ ಕೊಡಿಗೇನಹಳ್ಳಿ ಬರುವವರೆಗೂ ಅದನ್ನೇ ಮಾಡುತ್ತಿದ್ದಳು.